ಚೂರ್ಣ ಲೋಹವಿದ್ಯೆಯೂ ನಮ್ಮ ಮನೆಯ ಯಂತ್ರಗಳೂ

ಲೋಹಕ್ಕೆ ರೂಪ ಕೊಡುವ ಮೂರು ದಾರಿಗಳು ನಮ್ಮ ಜನಕ್ಕೆ ಹಿಂದಿನಿಂದಲೂ ಗೊತ್ತು. ಕರಗಿಸಿ ಅಚ್ಚಿಗೆ ಹೊಯ್ಯುವುದು ಒಂದು. ಗಂಟೆ, ದೀಪ, ವಿಗ್ರಹಗಳೆಲ್ಲ ಹಾಗೆ ಆದವು. ಕೆಂಪಗೆ ಕಾಯಿಸಿ ಬಡಿಯುವುದು ಇನ್ನೊಂದು. ಕುಡುಗೋಲು, ನೇಗಿಲಿನ ಗುಳ, ಗಾಡಿಯ ಪಟ್ಟಿಗಳು ಕಮ್ಮಾರನ ಕುಲುಮೆಯಿಂದ ಹಾಗೆ ಬಂದವು. ಗಟ್ಟಿಯನ್ನು ಕೊರೆದು, ಅರದಿಂದ ಉಜ್ಜಿ, ಬೇಡವಾದುದನ್ನು ಕಳೆಯುವುದು ಮೂರನೆಯದು. ಈಗಿನ ಲೇತ್ ಯಂತ್ರದ ಕೆಲಸವೆಲ್ಲ ಇದರ ವಿಸ್ತಾರವೇ. ಈ ಮೂರಕ್ಕೂ ಸೇರದ ನಾಲ್ಕನೆಯ ದಾರಿಯೊಂದುಂಟು. ಲೋಹವನ್ನು ಮೊದಲು ಹಿಟ್ಟಿನಂತೆ ಪುಡಿಮಾಡುವುದು. ಆ ಪುಡಿಯನ್ನು ಅಚ್ಚಿನಲ್ಲಿ ತುಂಬಿ ಅದುಮುವುದು. ಅದುಮಿದ್ದನ್ನು ಕರಗಿ ನೀರಾಗದಷ್ಟು ಕಾವಿನಲ್ಲಿ ಬೇಯಿಸಿ ಗಟ್ಟಿಮಾಡುವುದು. ಇದಕ್ಕೆ ಚೂರ್ಣ ಲೋಹವಿದ್ಯೆ ಎಂದು ಹೆಸರು. ನಮ್ಮಲ್ಲಿ ಬಹುಮಂದಿ ಕಲಾ ವಿಭಾಗದವರು. ಹೆಸರು ಕೇಳಿದೊಡನೆ ಪುಟ ತಿರುವಬೇಕಾಗಿಲ್ಲ. ಈ ವಿದ್ಯೆಯಿಂದ ಹುಟ್ಟಿದ ಬಿಡಿಭಾಗಗಳು ನಮ್ಮೆಲ್ಲರ ಅಡುಗೆಮನೆಯಲ್ಲಿ ದಿನವೂ ತಿರುಗುತ್ತಿವೆ. ಅವುಗಳ ಗುಣವನ್ನು ತಿಳಿಯದೆ ಅವನ್ನು ಕೆಡಿಸುವುದೂ ದಿನವೂ ನಡೆದಿದೆ.

ಪುಡಿಯ ವ್ಯವಹಾರ ನಂಜನಗೂಡಿಗೆ ಹೊಸದೇನಲ್ಲ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನು ಮನೆಮನೆಯ ಬಚ್ಚಲಿಗೆ ಒಯ್ದಿತು. ಆದರೆ ಪುಡಿಯೆಂದರೆ ಸಡಿಲವಾದದ್ದು, ಊದಿದರೆ ಹಾರಿಹೋಗತಕ್ಕದ್ದು ಎಂಬುದೇ ನಮ್ಮ ಸಾಮಾನ್ಯ ಭಾವನೆ. ಅಂಥ ಪುಡಿಯಿಂದ ಹಲ್ಲುಚಕ್ರವಾಗುವುದು ಹೇಗೆ, ಅದು ಭಾರ ಹೊರುವುದು ಹೇಗೆ ಎಂಬ ಸಂದೇಹ ಬರುವುದು ಸಹಜ. ಈ ಸಂದೇಹಕ್ಕೆ ಉತ್ತರ ಕುಂಬಾರನ ಆವಿಗೆಯಲ್ಲಿದೆ. ಮಣ್ಣಿನ ಕಣಗಳು ಆವಿಗೆಯಲ್ಲಿ ಕರಗಿ ಹರಿಯುವುದಿಲ್ಲ. ಹರಿದಿದ್ದರೆ ಮಡಕೆ ಮಡಕೆಯಾಗಿ ಉಳಿಯುತ್ತಿರಲಿಲ್ಲ. ಕಣಕಣಗಳು ಮುಟ್ಟಿದ ಕಡೆಯಲ್ಲಿ ಮಾತ್ರ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಸಿಯಾಗಿದ್ದಾಗ ನೀರಿಗೆ ಕರಗುತ್ತಿದ್ದ ಮಣ್ಣು, ಸುಟ್ಟ ಮೇಲೆ ನೀರನ್ನು ಹೊರುತ್ತದೆ. ಲೋಹದ ಪುಡಿಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಕಾರ್ಖಾನೆಯವರು ಇದನ್ನು ಸಿಂಟರಿಂಗ್ ಎನ್ನುತ್ತಾರೆ.

ಹಾಗೆ ನೋಡಿದರೆ ಹಳೆಯ ಮೈಸೂರು ಸೀಮೆಯ ಕಬ್ಬಿಣದ ಗೂಡುಗಳಲ್ಲಿಯೂ ಕಬ್ಬಿಣ ಪೂರ್ತಿಯಾಗಿ ಕರಗುತ್ತಿರಲಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಬೇಕು. ತಿದಿಯೊತ್ತುವ ಮಣ್ಣಿನ ಗೂಡಿಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ಅದಿರಿನಲ್ಲಿದ್ದ ಆಮ್ಲಜನಕವನ್ನು ಇದ್ದಿಲು ಎಳೆದುಕೊಂಡು, ಉಳಿದ ಕಬ್ಬಿಣ ಸ್ಪಂಜಿನಂಥ ತೂತುತೂತಾದ ಮುದ್ದೆಯಾಗಿ ಕೂಡುತ್ತಿತ್ತು. ಅದನ್ನು ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆದರೆ ಮಾತ್ರ ಕೆಲಸಕ್ಕೆ ಬರುವ ಕಬ್ಬಿಣ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800–01ರಲ್ಲಿ ನಮ್ಮ ಸೀಮೆಯಲ್ಲಿ ಸಂಚರಿಸಿದಾಗ ಇಂಥ ಗೂಡುಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ದೆಹಲಿಯ ಪ್ರಸಿದ್ಧ ಕಬ್ಬಿಣದ ಕಂಬ 6 ಟನ್ನಿಗೂ ಮಿಕ್ಕ ತೂಕದ್ದು. ಅದೂ ಇಂಥ ಮುದ್ದೆಗಳನ್ನು ಕಾಯಿಸಿ ಬಡಿದು ಬೆಸೆದುದೇ. ಕರಗಿಸದೆ ಬೆಸೆಯುವುದು ಎಂಬ ಮಾತು, ಆದ್ದರಿಂದ, ನಮಗೆ ಅಪರಿಚಿತವಾದದ್ದಲ್ಲ.

ಆಧುನಿಕ ಕಾಲದಲ್ಲಿ ಈ ವಿದ್ಯೆ ಮನೆಯೊಳಗೆ ಕಾಲಿಟ್ಟುದು ವಿದ್ಯುದ್ದೀಪದ ಮೂಲಕ. ಬಲ್ಬಿನ ತಂತಿ ಟಂಗ್‌ಸ್ಟನ್ ಲೋಹದ್ದು. ಅದು ಕರಗಲು 3400 ಡಿಗ್ರಿಗೂ ಮಿಕ್ಕ ಕಾವು ಬೇಕು. ಅಷ್ಟು ಕಾವಿಗೆ ತಡೆಯುವ ಮೂಸೆಯನ್ನು ಎಲ್ಲಿಂದ ತರುವುದು? 1910ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ವಿಲಿಯಂ ಕೂಲಿಡ್ಜ್ ಎಂಬಾತ ಟಂಗ್‌ಸ್ಟನ್ ಪುಡಿಯನ್ನು ಒತ್ತಿ, ಕಾಯಿಸಿ, ಬಿಸಿಯಲ್ಲೇ ಬಡಿದು, ಕೂದಲಿನಂಥ ತಂತಿಯಾಗಿ ಎಳೆಯುವ ಕ್ರಮವನ್ನು ಸಾಧಿಸಿದನು. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳಷ್ಟೆ. ಅಲ್ಲಿಯ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ಮುಟ್ಟಿತು. 1936ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಅದರ ಬಲ್ಬಿನ ಕೆಳಗೆ ಕುಳಿತು ಓದಿದ ನಮ್ಮ ಹಿರಿಯರೆಲ್ಲರೂ ಪುಡಿಯಿಂದಾದ ತಂತಿಯ ಬೆಳಕಿನಲ್ಲೇ ಓದಿದರು.

ದೀಪದ ಮಾತು ಇಷ್ಟು ಸಾಕು. ತಿರುಗುವ ಯಂತ್ರಗಳಲ್ಲಿ ಈ ವಿದ್ಯೆ ಇನ್ನೂ ಸ್ವಾರಸ್ಯವಾಗಿದೆ. ಒರಳುಕಲ್ಲಿನ ಮುಂದೆ ಗಂಟೆಗಟ್ಟಲೆ ಕುಳಿತು ರುಬ್ಬುವ ಕೆಲಸವನ್ನು ನಮ್ಮ ತಾಯಂದಿರಿಂದ ತೆಗೆದುಕೊಂಡದ್ದು ಮಿಕ್ಸಿ. ಅದರ ಮೋಟಾರಿನ ದಂಡ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗತಕ್ಕದ್ದು. ತಿರುಗುವ ದಂಡವನ್ನು ಮೇಲೆ ಕೆಳಗೆ ಎರಡು ಕಡೆ ಏನಾದರೂ ಹಿಡಿದಿರಬೇಕು. ಅನೇಕ ಮಿಕ್ಸಿಗಳಲ್ಲಿ, ಹಾಗೂ ಬಹುಮಟ್ಟಿಗೆ ಎಲ್ಲ ಸಾಮಾನ್ಯ ಟೇಬಲ್ ಫ್ಯಾನುಗಳಲ್ಲಿ, ಹೀಗೆ ಹಿಡಿಯುವುದು ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಕಂಚಿನ ಬಳೆ. ರಿಪೇರಿಯವರು ಅದನ್ನು ಬುಷ್ ಎನ್ನುತ್ತಾರೆ. (ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ ಗುಂಡಿನ ಬೇರಿಂಗ್ ಇರುತ್ತದೆ, ಅದರ ಕಥೆ ಬೇರೆ.) ದಂಡದ ವ್ಯಾಸ 8 ಮಿಲಿಮೀಟರು ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 25 ಮಿಲಿಮೀಟರು. ನಿಮಿಷಕ್ಕೆ 18,000 ಸುತ್ತೆಂದರೆ ದಂಡದ ಮೈ ಬುಷ್ಷಿನ ಒಳಮೈಯನ್ನು ಉಜ್ಜುತ್ತ 450 ಮೀಟರು ನಡೆದಂತಾಯಿತು. ಐವತ್ತು ಚಿಲ್ಲರೆ ನಿಮಿಷ ಮಿಕ್ಸಿ ತಿರುಗಿತೆಂದರೆ ಆ ದಂಡ ನಂಜನಗೂಡಿನಿಂದ ಮೈಸೂರಿಗೆ ಹೋದಷ್ಟು ದೂರ ಉಜ್ಜಿಕೊಂಡೇ ಹೋಗಿರುತ್ತದೆ. ವಾರಕ್ಕೊಮ್ಮೆಯಾದರೂ ಈ ಪ್ರಯಾಣವಾಗದ ಮನೆ ಕಡಮೆ.

ಉಜ್ಜುವ ಕಡೆ ಎಣ್ಣೆ ಬೇಕು. ನಂಜನಗೂಡಿನ ದೊಡ್ಡ ಜಾತ್ರೆಗೆ ಸುತ್ತಣ ಹಳ್ಳಿಗಳವರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ದಾರಿಯಲ್ಲಿ ಚಕ್ರ ಕಿರುಗುಟ್ಟಿದರೆ ನಿಲ್ಲಿಸಿ ಗುಂಬಕ್ಕೆ ಎಣ್ಣೆ ಸವರುವುದು; ಮತ್ತೆ ಹೊರಡುವುದು. ಮಿಕ್ಸಿಗೆ ಹೀಗೆ ದಿನವೂ ಎಣ್ಣೆ ಬಿಡುವವರು ಯಾರು? ಬಿಟ್ಟರೂ ಅದು ಮೋಟಾರಿನ ತಂತಿಗೆ ಹರಿದು ಕೇಡಾದೀತು. ಯಂತ್ರ ಮನೆಗೆ ಬಂದ ದಿನದಿಂದ ವರ್ಷಾನುಗಟ್ಟಲೆ ಯಾರೂ ಬಿಚ್ಚದಿದ್ದರೂ ತನ್ನ ಎಣ್ಣೆಯನ್ನು ತಾನೇ ಹೊತ್ತುಕೊಂಡು ಓಡಾಡುವ ಬುಷ್ ಬೇಕಾಯಿತು. ಅಂಥ ಬುಷ್ಷನ್ನು ಎರಕದಿಂದಲೂ ಲೇತಿನಿಂದಲೂ ಮಾಡಲಾಗುವುದಿಲ್ಲ, ಪುಡಿಯಿಂದ ಮಾಡಬಹುದು. ಅಮೆರಿಕದಲ್ಲಿ 1920ರ ದಶಕದಲ್ಲಿ ಮೋಟಾರು ವಾಹನಗಳಿಗಾಗಿ ಇದು ರೂಢಿಗೆ ಬಂದು, ಅಲ್ಲಿಂದ ಮನೆಯ ಸಣ್ಣ ಮೋಟಾರುಗಳಿಗೆ ಇಳಿಯಿತು.

ಈ ಬುಷ್ ಹುಟ್ಟುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಪುಡಿ. ಕರಗಿದ ಲೋಹದ ಸಣ್ಣ ಧಾರೆಗೆ ರಭಸದ ನೀರನ್ನೋ ಗಾಳಿಯನ್ನೋ ಹಾಯಿಸಿದರೆ ಅದು ಚಿದುರಿ ಪುಡಿಯಾಗಿ ಬೀಳುತ್ತದೆ. ತಾಮ್ರದ ಪುಡಿಯನ್ನು ವಿದ್ಯುತ್ತಿನಿಂದಲೂ ತೆಗೆಯುವುದುಂಟು. ಕಬ್ಬಿಣದ ಪುಡಿಯನ್ನು ಅದಿರಿನಿಂದ ನೇರವಾಗಿ, ಕರಗಿಸದೆ, ಪಡೆಯುವ ಕ್ರಮವನ್ನು ಸ್ವೀಡನ್ನಿನ ಹೋಗನೆಸ್ ಊರಿನವರು ರೂಢಿಸಿದರು. ಅದು ಮೇಲೆ ಹೇಳಿದ ನಮ್ಮ ಹಳೆಯ ಗೂಡಿನ ದೊಡ್ಡ ತಮ್ಮನೇ ಸರಿ. ಕಣದ ಗಾತ್ರದಷ್ಟೇ ಅದರ ಆಕಾರವೂ ಮುಖ್ಯ. ತಲಕಾಡಿನ ಮರಳನ್ನು ಒಂದು ಹಿಡಿ ತೆಗೆದು ಎಷ್ಟು ಅದುಮಿದರೂ, ಒಣಗಿದ್ದರೆ, ಉಂಡೆಯಾಗುವುದಿಲ್ಲ. ಹೊಳೆಯಲ್ಲಿ ಉರುಳಿ ಗಾಳಿಯಲ್ಲಿ ತೂರಿ ಅದರ ಮೂಲೆಗಳು ಸವೆದಿವೆ. ಕಣ ಕಣಕ್ಕೆ ಸಿಕ್ಕಿಕೊಳ್ಳದೆ ಜಾರುತ್ತದೆ. ಲೋಹದ ಕಣ ಅಂಕುಡೊಂಕಾಗಿ, ಕೊಕ್ಕೆಕೊಕ್ಕೆಯಾಗಿ ಇದ್ದರೆ ಒಂದರೊಳಗೊಂದು ತೊಡರಿಕೊಂಡು ನಿಲ್ಲುತ್ತದೆ. ಮೇಲಾಗಿ ಲೋಹ ಮೆತುವಾದದ್ದು. ಅದುಮಿದರೆ ಕಣದ ಮೈಯೇ ತಗ್ಗಿ ನೆರೆಯ ಕಣಕ್ಕೆ ಹೊಂದಿಕೊಳ್ಳುತ್ತದೆ. ಮರಳು ಈ ಕೆಲಸ ಮಾಡಲಾರದು.

ಬುಷ್ಷಿನ ಕಂಚಿಗೆ ನೂರರಲ್ಲಿ ತೊಂಬತ್ತು ಪಾಲು ತಾಮ್ರ, ಹತ್ತು ಪಾಲು ತವರ. ಇವೆರಡರ ಪುಡಿಗೆ ಅಚ್ಚಿನ ಗೋಡೆಗೆ ಅಂಟದಿರಲೆಂದು ಒಂದಿಷ್ಟು ಮೇಣದಂಥ ಪುಡಿಯನ್ನು ಬೆರೆಸುತ್ತಾರೆ. ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಉಂಡೆ ಕಟ್ಟುವಾಗ ಕೈಗೆ ತುಪ್ಪ ಸವರಿಕೊಂಡ ಹಾಗೆ. ಆ ಮೇಲೆ ಅಚ್ಚು. ಉಕ್ಕಿನ ಗಟ್ಟಿಯಲ್ಲಿ ನುಣ್ಣನೆಯ ತೂತು. ಅದರ ನಡುವೆ ಬುಷ್ಷಿನ ಒಳತೂತಿಗಾಗಿ ಒಂದು ಕಡ್ಡಿ. ಮೇಲಿನಿಂದೊಂದು ಕೆಳಗಿನಿಂದೊಂದು ಒತ್ತುವ ಗುದ್ದು. ಚಕ್ಕುಲಿಯ ಒರಳಿನಂತೆ ಒಂದೇ ಕಡೆಯಿಂದ ಒತ್ತಿದರೆ ಸಾಲದು. ಪುಡಿ ನೀರಿನಂತಲ್ಲ, ಒತ್ತಡ ಅದರಲ್ಲಿ ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ. ಗೋಡೆಯ ಉಜ್ಜುವಿಕೆಗೆ ಬಲ ಕುಂದಿ ದೂರದ ತುದಿ ಸಡಿಲವಾಗಿಯೇ ಉಳಿಯುತ್ತದೆ. ಎರಡು ಕಡೆಯಿಂದ ಒತ್ತಿದರೂ ಉದ್ದವಾದ ಬುಷ್ಷಿನ ನಡು ಸ್ವಲ್ಪ ಸಡಿಲವೇ. ಅದಕ್ಕಾಗಿಯೇ ಈ ಬಿಡಿಭಾಗಗಳೆಲ್ಲ ಗಿಡ್ಡವಾಗಿರುತ್ತವೆ. ಅಡ್ಡತೂತು, ತಿರುಪಿನ ಸುತ್ತು ಮುಂತಾದುವನ್ನೂ ಅಚ್ಚಿನಲ್ಲಿಯೇ ಪಡೆಯಲಾಗದು; ಒತ್ತಿದ್ದನ್ನು ಮೇಲಕ್ಕೆ ತಳ್ಳಿ ತೆಗೆಯಬೇಕಲ್ಲವೆ?

ಕಂಚಿನ ಪುಡಿಗೆ ಚದರ ಸೆಂಟಿಮೀಟರಿಗೆ ಎರಡು ಮೂರು ಟನ್ನಿನ ಒತ್ತಡ ಸಾಕು. ಕಬ್ಬಿಣಕ್ಕಾದರೆ ನಾಲ್ಕರಿಂದ ಏಳು ಟನ್. ಹೀಗೆ ಒತ್ತಿ ಹೊರತೆಗೆದ ಬುಷ್ ನೋಡಲು ಪೂರ್ತಿಯಾಗಿದ್ದರೂ ಹಸಿಯ ಮಡಕೆಯಂತೆಯೇ. ಬೆರಳಿನಲ್ಲಿ ಹಿಸುಕಿದರೆ ಅಂಚು ಉದುರೀತು. ಇದನ್ನು ಉದ್ದವಾದ ಕುಲುಮೆಯಲ್ಲಿ ಲೋಹದ ಜಾಲರಿಯ ಪಟ್ಟಿಯ ಮೇಲಿಟ್ಟು ಮೆಲ್ಲನೆ ಸಾಗಿಸುತ್ತಾರೆ. ಒಳಗೆ ಗಾಳಿ ಇರಕೂಡದು. ಇದ್ದರೆ ಕಣಕಣದ ಮೈಗೂ ತುಕ್ಕು ಹಿಡಿದು ಬೆಸುಗೆ ಕೂಡುವುದಿಲ್ಲ. ಆದ್ದರಿಂದ ಜಲಜನಕ ಸಾರಜನಕಗಳ ಮಿಶ್ರಣವನ್ನು ಒಳಗೆ ತುಂಬಿರುತ್ತಾರೆ. 232 ಡಿಗ್ರಿಗೆ ತವರ ಕರಗಿ ತಾಮ್ರದ ಕಣಗಳ ಸಂದಿಗೆ ನುಗ್ಗುತ್ತದೆ. ಕಾವು 800 ಡಿಗ್ರಿ ದಾಟುವ ಹೊತ್ತಿಗೆ ಅದು ತಾಮ್ರದೊಳಗೆ ಹೊಕ್ಕು ಎರಡೂ ಕೂಡಿ ಕಂಚಾಗಿರುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕಾದ್ದರಿಂದ ಬುಷ್ಷಿನ ಆಕಾರ ಕೆಡುವುದಿಲ್ಲ. ತವರ ಬಿಟ್ಟುಹೋದ ಜಾಗ ತೂತಾಗಿ ಉಳಿಯುತ್ತದೆ. ಈ ತೂತುಗಳೇ ನಮ್ಮ ವಿಷಯದ ತಿರುಳು.

ಕುಲುಮೆಯಿಂದ ಬಂದ ಬುಷ್ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಮೆ ಆಗಿರುವುದರಿಂದ ಮತ್ತೊಂದು ಅಚ್ಚಿಗೆ ಹಾಕಿ ಒತ್ತಿ ಅಳತೆಗೆ ತರುತ್ತಾರೆ. ಕೊನೆಗೆ ಪಾತ್ರೆಯಲ್ಲಿಟ್ಟು ಒಳಗಿನ ಗಾಳಿಯನ್ನು ಎಳೆದುಬಿಟ್ಟು ಎಣ್ಣೆ ಹಾಯಿಸುತ್ತಾರೆ. ಗಾಳಿಯಿದ್ದ ಸಂದುಗಳಿಗೆಲ್ಲ ಎಣ್ಣೆ ಹೋಗಿ ಕೂರುತ್ತದೆ.

ಎಷ್ಟು ಎಣ್ಣೆ? ಲೆಕ್ಕ ಸುಲಭ. ಹೊರವ್ಯಾಸ 16 ಮಿಲಿಮೀಟರು, ಒಳವ್ಯಾಸ 8, ಉದ್ದ 13 ಇರುವ ಬುಷ್ಷಿನ ಘನಗಾತ್ರ ಹೆಚ್ಚುಕಡಮೆ 2 ಘನ ಸೆಂಟಿಮೀಟರು. ಗಟ್ಟಿ ಕಂಚಿನದಾಗಿದ್ದರೆ ಘನ ಸೆಂಟಿಮೀಟರಿಗೆ 8.8 ಗ್ರಾಂ ಲೆಕ್ಕದಲ್ಲಿ ಅದರ ತೂಕ 17.6 ಗ್ರಾಂ ಆಗಬೇಕು. ಪುಡಿಯ ಬುಷ್ಷನ್ನು ಎಣ್ಣೆಯಿಲ್ಲದೆ ತೂಗಿದರೆ 13.2 ಗ್ರಾಂ ಬಂತೆನ್ನೋಣ. ನಾಲ್ಕರಲ್ಲಿ ಒಂದು ಪಾಲು ಲೋಹವೇ ಇಲ್ಲ! ಆ ಬರಿದಾದ ಅರ್ಧ ಘನ ಸೆಂಟಿಮೀಟರಿನಲ್ಲಿ ಹಿಡಿಯುವುದು ಹತ್ತು ಹನ್ನೆರಡು ಹನಿ ಎಣ್ಣೆ. ಎರಕದ ಕೆಲಸಗಾರನು ಇಷ್ಟು ತೂತಿರುವ ಗಂಟೆಯನ್ನು ಮಾಡಿದ್ದರೆ ಅದನ್ನು ಮತ್ತೆ ಮೂಸೆಗೆ ಹಾಕುವುದೊಂದೇ ದಾರಿ. ಇಲ್ಲಿಯಾದರೋ ಆ ದೋಷವನ್ನೇ ಅಳೆದು, ಬೇಕಾದಷ್ಟು, ಬೇಕೆಂದೇ ಇರಿಸಿದ್ದಾರೆ. ತೂತುಗಳು ಒಂದಕ್ಕೊಂದು ಹಾದಿಯಾಗಿ ಮೈಯವರೆಗೂ ತೆರೆದಿರಬೇಕೆಂಬುದು ಮಾತ್ರ ನಿಯಮ.

ಯಂತ್ರ ತಿರುಗತೊಡಗಿದಾಗ ಏನಾಗುತ್ತದೆ? ದಂಡವು ತಿರುಗುತ್ತ ತನ್ನ ಒಂದು ಬದಿಯಲ್ಲಿ ಎಣ್ಣೆಯನ್ನು ಸಂದಿಗೆ ಒತ್ತುತ್ತದೆ, ಇನ್ನೊಂದು ಬದಿಯಲ್ಲಿ ಎಳೆಯುತ್ತದೆ. ಎಳೆದ ಕಡೆ ತೂತುಗಳಿಂದ ಎಣ್ಣೆ ಹೊರಗೆ ಬರುತ್ತದೆ. ಒತ್ತಿದ ಕಡೆ ಮತ್ತೆ ಒಳಕ್ಕೆ ಹೋಗುತ್ತದೆ. ಬಿಸಿಯಾದಂತೆ ಎಣ್ಣೆ ತೆಳುವಾಗಿ ಹಿಗ್ಗಿ ಇನ್ನಷ್ಟು ಒಸರುತ್ತದೆ. ಯಂತ್ರ ನಿಂತು ತಣ್ಣಗಾದ ಮೇಲೆ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಸಣ್ಣ ಸಂದುಗಳು ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. ಬೇಸಗೆಯಲ್ಲಿ ಮಣ್ಣಿನ ಹೂಜಿ ಬೆವರುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೂಜಿ ಬೆವರಿದ ನೀರು ಗಾಳಿಗೆ ಹೋಗುತ್ತದೆ. ಬುಷ್ ಬೆವರಿದ ಎಣ್ಣೆಯ ಬಹುಭಾಗ ಅದಕ್ಕೇ ಮರಳುತ್ತದೆ. ಹತ್ತು ಹನಿ ವರ್ಷಗಟ್ಟಲೆ ಬಾಳುವುದರ ಗುಟ್ಟು ಇಷ್ಟೆ.

ಎಲ್ಲ ಕಡೆಗೂ ತೂತು ಒಳ್ಳೆಯದೆಂದು ತಿಳಿಯಬಾರದು. ರೆಫ್ರಿಜರೇಟರಿನ ಹಿಂಬದಿಯ ಕಪ್ಪು ಗಡಿಗೆಯಲ್ಲಿ ಅನಿಲವನ್ನು ಒತ್ತುವ ಸಂಕೋಚಕವಿದೆ. ಅದರ ಕೊಂತ, ಕೊಂತವನ್ನು ಎಳೆದಾಡುವ ತೋಳು, ಕವಾಟದ ತಟ್ಟೆ ಮುಂತಾದುವನ್ನು ಅನೇಕ ತಯಾರಕರು ಕಬ್ಬಿಣದ ಪುಡಿಯಿಂದ ಮಾಡುತ್ತಾರೆ. ಕಬ್ಬಿಣದ ಕಾವು 1120 ಡಿಗ್ರಿಯ ಆಸುಪಾಸು. ಅಲ್ಲಿ ತೂತಿದ್ದರೆ ಒತ್ತಿದ ಅನಿಲ ಸೋರಿಹೋದೀತು. ಹಾಗಾಗಿ ಬೆಂದ ಭಾಗವನ್ನು ಸುಮಾರು 550 ಡಿಗ್ರಿಯ ಉಗಿಯಲ್ಲಿ ಇಡುತ್ತಾರೆ. ಉಗಿಯ ಆಮ್ಲಜನಕ ಕಬ್ಬಿಣವನ್ನು ಸೇರಿ ತೂತಿನ ಗೋಡೆಗೆ ಕಪ್ಪಾದ ಗಟ್ಟಿ ಪದರವಾಗಿ ಬೆಳೆದು ಬಾಯನ್ನು ಮುಚ್ಚುತ್ತದೆ. ಈ ಪದರ ಮ್ಯಾಗ್ನಟೈಟ್. ಕುದುರೆಮುಖದ ಬೆಟ್ಟದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರೂ ಮುಖ್ಯವಾಗಿ ಇದೇ. ಅದಿರನ್ನು ಕಬ್ಬಿಣ ಮಾಡಲು ಇಷ್ಟೆಲ್ಲ ಶ್ರಮಪಟ್ಟು, ಕಡೆಯಲ್ಲಿ ಕಬ್ಬಿಣದ ಮೈಯನ್ನು ಬೇಕೆಂದೇ ಅದಿರಾಗಿಸುವುದು ವಿನೋದವಲ್ಲವೆ! ಬಟ್ಟೆ ಒಗೆಯುವ ಯಂತ್ರದ ಪೆಟ್ಟಿಗೆಯೊಳಗಣ ಹಲ್ಲುಚಕ್ರಗಳೂ ಹಲವು ಮಾದರಿಗಳಲ್ಲಿ ಪುಡಿಯವೇ. ಅವಕ್ಕೆ ಬಲ ಬೇಕಾದುದರಿಂದ ಹೆಚ್ಚು ಒತ್ತಿ ತೂತನ್ನು ಕಡಮೆ ಮಾಡಿರುತ್ತಾರೆ. ಇನ್ನು ಮಿಕ್ಸಿಯ ಕಾರ್ಬನ್. ಮೋಟಾರಿಗೆ ವಿದ್ಯುತ್ತನ್ನು ದಾಟಿಸುವ ಆ ಕಪ್ಪು ತುಂಡು ಲೋಹವಲ್ಲದಿದ್ದರೂ ಒತ್ತಿ ಸುಟ್ಟ ಪುಡಿಯೇ.

ಈಗ ಖರ್ಚಿನ ಮಾತು. ಮೇಲೆ ಹೇಳಿದ ಬುಷ್ಷನ್ನು 16 ಮಿಲಿಮೀಟರಿನ ಕಂಚಿನ ಸರಳಿನಿಂದ ಲೇತಿನಲ್ಲಿ ತಿರುವಿ ತೆಗೆದರೆ ನಡುವಿನ ತೂತಿನಲ್ಲೇ ಕಾಲುಭಾಗ ಲೋಹ ಹುಡಿಯಾಗಿ ಬೀಳುತ್ತದೆ. ಪುಡಿಯ ಕ್ರಮದಲ್ಲಿ ನಷ್ಟ ನೂರಕ್ಕೆ ಐದನ್ನು ಮೀರುವುದು ಅಪರೂಪ. ಒತ್ತುವ ಯಂತ್ರ ನಿಮಿಷಕ್ಕೆ ಹತ್ತಿಪ್ಪತ್ತು ಬುಷ್ ಉದುರಿಸುತ್ತದೆ. ಇಷ್ಟು ಲಾಭವಿದ್ದರೂ ಊರೂರಿನಲ್ಲಿ ಇದು ನಡೆಯದಿರುವುದಕ್ಕೆ ಕಾರಣ ಅಚ್ಚು. ಅಚ್ಚಿನ ಅಳತೆ ಕೂದಲಿನ ದಪ್ಪಕ್ಕಿಂತ ಕಡಮೆ ತಪ್ಪಿದರೂ ಅದರಿಂದ ಬರುವ ಬುಷ್ಷುಗಳೆಲ್ಲ ತಪ್ಪೇ. ಅಂಥ ಅಚ್ಚಿನ ಬೆಲೆ ಹತ್ತಾರು ಸಾವಿರ ಬುಷ್ಷುಗಳ ಮೇಲೆ ಹಂಚಿಹೋದಾಗ ಮಾತ್ರ ಬುಷ್ ಅಗ್ಗವಾಗುತ್ತದೆ. ನೂರು ಬುಷ್ ಬೇಕಾದವನಿಗೆ ಲೇತೇ ಗತಿ. ಲಕ್ಷ ಬೇಕಾದವನಿಗೆ ಪುಡಿ. ಜಗತ್ತಿನಲ್ಲಿ ಇಂಥ ಭಾಗಗಳ ಹೆಚ್ಚಿನ ಪಾಲು ವಾಹನಗಳಿಗೆ ಹೋಗುವುದೂ ಇದೇ ಕಾರಣದಿಂದ. ಮನೆಯ ಯಂತ್ರ ಆ ದೊಡ್ಡ ಪಂಕ್ತಿಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತು ಉಣ್ಣುತ್ತದೆ. ಬೆಂಗಳೂರಿನ ಆಚೆ, ಕನ್ನಡ ಇಂದಿಗೂ ಕೇಳಿಬರುವ ಗಡಿಯೂರು ಹೊಸೂರಿನಲ್ಲಿ, ಸುಂದರಂ ಫಾಸ್ಟನರ್ಸ್ ಸಂಸ್ಥೆಯ ಪುಡಿಲೋಹದ ವಿಭಾಗವಿದೆ. ಅದರ ಕೆಲಸವೂ ಮುಖ್ಯವಾಗಿ ವಾಹನಗಳದು.

ಅಚ್ಚಿನ ಮಾತು ಬಂದಾಗ ಬೆಂಗಳೂರಿನ ಒಂದು ಕಾರ್ಖಾನೆಯನ್ನು ನೆನೆಯಬೇಕು. ಜರ್ಮನಿಯಲ್ಲಿ 1923ರಲ್ಲಿ ಕಾರ್ಲ್ ಶ್ರೋಟರ್ ಎಂಬಾತ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ಲೋಹದ ಪುಡಿಯೊಡನೆ ಬೆರೆಸಿ ಒತ್ತಿ ಕಾಯಿಸಿ, ಉಕ್ಕನ್ನೂ ಕೊರೆಯುವಷ್ಟು ಕಠಿಣವಾದ ವಸ್ತುವನ್ನು ಪಡೆದನು. ಕ್ರುಪ್ ಸಂಸ್ಥೆ ಅದಕ್ಕೆ ವಿಡಿಯಾ ಎಂದು ಹೆಸರಿಟ್ಟಿತು. ಜರ್ಮನ್ ನುಡಿಯಲ್ಲಿ ವಜ್ರದಂತೆ ಎಂಬ ಮಾತಿನ ಸಂಕ್ಷೇಪ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಡಿಯಾ ಇಂಡಿಯಾ ಕಾರ್ಖಾನೆ ಆರಂಭವಾಯಿತು. ತುಮಕೂರು ರಸ್ತೆಯ ಈ ಕಾರ್ಖಾನೆ ಈಗ ಕೆನ್ನಾಮೆಟಲ್ ಎಂಬ ಹೆಸರಿನಲ್ಲಿ ನಡೆದಿದೆ. ಗೋಡೆಗೆ ಮೊಳೆಯ ತೂತು ಕೊರೆಯುವ ಬಿಟ್ಟಿನ ತುದಿಯಲ್ಲಿ ಬೂದುಬಣ್ಣದ ಚೂರೊಂದಿರುವುದನ್ನು ನೋಡಿರಬಹುದು. ಅದು ಈ ಜಾತಿಯ ವಸ್ತು. ಲಕ್ಷಗಟ್ಟಲೆ ಸಲ ಒತ್ತಿದರೂ ಸವೆಯಬಾರದೆಂದು ಪುಡಿ ಒತ್ತುವ ಅಚ್ಚಿನ ಒಳಗೋಡೆಗೂ ಇದನ್ನೇ ಹಾಕುತ್ತಾರೆ. ಪುಡಿಯಿಂದಾದ ಅಚ್ಚು ಪುಡಿಯನ್ನು ಒತ್ತುತ್ತದೆ.

ನಮ್ಮ ಸೀಮೆಯ ಮಟ್ಟಿಗೆ ಇದರ ಅರ್ಥವೇನು? ಮೈಸೂರು–ನಂಜನಗೂಡು ರಸ್ತೆಯ ಕಡಕೊಳ, ತಾಂಡ್ಯ, ಹಿಮ್ಮಾವುಗಳ ಬಳಿಯೂ ನಂಜನಗೂಡಿನ ಅಂಚಿನಲ್ಲೂ ಕಾರ್ಖಾನೆಗಳು ಸಾಲಾಗಿ ಬಂದಿವೆ. ಕಾಗದ, ಕಾಫಿಪುಡಿ, ವಿದ್ಯುತ್ ಯಂತ್ರಗಳ ಹಸಿರು ಹಲಗೆಗಳವರೆಗೆ ಇಲ್ಲಿ ತಯಾರಾಗುತ್ತವೆ. ಇಂಥ ಕಡೆ ಕೆಲಸ ಹುಡುಕುವ ನಮ್ಮ ಕಾಲೇಜಿನ ಹುಡುಗ ಹುಡುಗಿಯರಿಗೆ ಪುಡಿಲೋಹದ ವಿದ್ಯೆಯಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಇಲ್ಲಿ ಒತ್ತುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಮನುಷ್ಯನ ಬುದ್ಧಿ ಬೇಕಾಗುವುದು ತೂಗುವುದರಲ್ಲಿ, ಅಳೆಯುವುದರಲ್ಲಿ, ಬರೆದಿಡುವುದರಲ್ಲಿ. ತೂಕ ಗೊತ್ತಾದರೆ ತೂತು ಗೊತ್ತಾಗುತ್ತದೆ. ಮೇಲಿನ ಲೆಕ್ಕ ಮಾಡಬಲ್ಲ ಯಾರಾದರೂ ಈ ಪರೀಕ್ಷೆ ಮಾಡಬಲ್ಲರು. ಇದಕ್ಕೆ ವಿಜ್ಞಾನದ ಪದವಿಯೇ ಬೇಕೆಂಬುದು ನನಗೆ ಒಪ್ಪಿಗೆಯಾಗದ ಮಾತು.

ಕಾರ್ಖಾನೆಗಿಂತಲೂ ಹತ್ತಿರದ ಪ್ರಶ್ನೆ ರಿಪೇರಿಯದು. ನರಸೀಪುರದ ಪೇಟೆಯಲ್ಲಾಗಲಿ ನಂಜನಗೂಡಿನ ಪೇಟೆಯಲ್ಲಾಗಲಿ ಮಿಕ್ಸಿ, ಫ್ಯಾನು ಸರಿಮಾಡುವ ಅಂಗಡಿಗಳುಂಟು. ಸಾಂಬಾರಪುಡಿ, ಹಪ್ಪಳದ ಹಿಟ್ಟು ಮಾಡಿ ಮಾರುವ ಹೆಂಗಸಿಗೆ ಮಿಕ್ಸಿ ನಿಂತ ದಿನ ಸಂಪಾದನೆಯೂ ನಿಂತಂತೆಯೇ, ಅಂದೇ ಸರಿಯಾಗಬೇಕು. ಬುಷ್ ಸವೆದು ದಂಡ ಅಲುಗಾಡಿ ಸದ್ದು ಹೆಚ್ಚಾದ ಯಂತ್ರವನ್ನು ಬಿಚ್ಚಿದಾಗ ಆ ಮಾದರಿಯ ಬುಷ್ ಅಂಗಡಿಯಲ್ಲಿ ಇರುವುದಿಲ್ಲ. ಆಗ ಲೇತಿನವನಿಂದ ಹಿತ್ತಾಳೆಯದೊಂದನ್ನು ತಿರುವಿಸಿ ಕೂರಿಸುವುದುಂಟು. ಅಳತೆ ಕರಾರುವಾಕ್ಕಾಗಿಯೇ ಇರಬಹುದು, ಹೊಳಪೂ ಹೆಚ್ಚು. ಆದರೆ ಅದರ ಹೊಟ್ಟೆಯಲ್ಲಿ ಎಣ್ಣೆಯಿಲ್ಲ. ಸುತ್ತಲಿನ ಎಣ್ಣೆ ಆರಿದ ಮೇಲೆ ಅದು ಬಿಸಿಯಾಗಿ ದಂಡವನ್ನು ಕಚ್ಚಿ ಹಿಡಿಯುತ್ತದೆ. ಮೋಟಾರು ತಿರುಗಲಾರದೆ ತಂತಿ ಸುಡುತ್ತದೆ. ಚಿಕ್ಕ ಬುಷ್ಷಿನಿಂದ ಹೋಗಬಹುದಾಗಿದ್ದ ಖರ್ಚು ಇಡೀ ಯಂತ್ರದ್ದಾಗುತ್ತದೆ. ತಪ್ಪು ಲೇತಿನವನದೂ ಅಲ್ಲ, ರಿಪೇರಿಯವನದೂ ಅಲ್ಲ. ವರ್ಷಕ್ಕೊಂದು ಮಾದರಿ ಹೊರಡಿಸಿ ಹಳೆಯದರ ಬುಷ್ಷನ್ನು ಪೇಟೆಗೆ ಬಿಡದ ತಯಾರಕರದೇ ಎಂದು ನನ್ನ ಅಭಿಪ್ರಾಯ.

ಇನ್ನು ಮನೆಯಲ್ಲಿ ತಿಳಿದಿರಬೇಕಾದವು. ಬಿಚ್ಚಿದ ಬುಷ್ಷನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವುದು ಸಾಮಾನ್ಯ ಅಭ್ಯಾಸ. ಅದರಿಂದ ಮೇಲಿನ ಕೊಳೆಯ ಜೊತೆಗೆ ಒಳಗಿನ ಎಣ್ಣೆಯೂ ಹೋಗುತ್ತದೆ. ತೊಳೆದದ್ದೇ ಆದರೆ ಚೆನ್ನಾಗಿ ಒಣಗಿಸಿ, ತೆಳುವಾದ ಯಂತ್ರದೆಣ್ಣೆಯನ್ನು ಕೈಗೆ ಬಿಸಿಯೆನಿಸುವಷ್ಟು ಕಾಯಿಸಿ ಒಲೆಯಿಂದ ದೂರವಿಟ್ಟು, ಅದರಲ್ಲಿ ಬುಷ್ಷನ್ನು ಒಂದು ರಾತ್ರಿ ಮುಳುಗಿಸಿಡಬೇಕು. ಒಳತೂತು ಬಿಗಿಯಾಯಿತೆಂದು ಅರದಿಂದಲೋ ಮರಳುಕಾಗದದಿಂದಲೋ ಉಜ್ಜಬಾರದು. ಮೆತ್ತನೆಯ ಕಂಚು ಹರಡಿಕೊಂಡು ತೂತುಗಳ ಬಾಯಿ ಮುಚ್ಚಿಹೋಗುತ್ತದೆ. ಅಡುಗೆಯ ಎಣ್ಣೆ ಬಿಡುವುದಂತೂ ಕೂಡದು. ಅದು ಗಾಳಿಗೆ ಕ್ರಮೇಣ ಅಂಟಾಗಿ ಸಂದುಗಳನ್ನು ಕಟ್ಟುತ್ತದೆ. ಕೊಬ್ಬರಿ ಎಣ್ಣೆಯಾದರೆ ಧನುರ್ಮಾಸದ ಮುಂಜಾನೆಯ ಚಳಿಗೇ ಹೆಪ್ಪುಗಟ್ಟುತ್ತದೆ. ಟೇಬಲ್ ಫ್ಯಾನಿನ ಬುಷ್ಷಿನ ಸುತ್ತ ಉಣ್ಣೆಯ ಬಳೆಯೊಂದಿದ್ದರೆ ಅದನ್ನು ಕಸವೆಂದು ಎಸೆಯಬಾರದು. ಅದು ಬುಷ್ಷಿನ ಎಣ್ಣೆಯ ಉಗ್ರಾಣ. ವರ್ಷಕ್ಕೊಮ್ಮೆ ಅದಕ್ಕೆ ನಾಲ್ಕು ಹನಿ ಯಂತ್ರದೆಣ್ಣೆ ಕುಡಿಸಿದರಾಯಿತು. ಮಿಕ್ಸಿಯ ಜಾರಿನ ತಳದಲ್ಲಿ ಅಲಗು ಹಿಡಿದ ಬುಷ್ಷಿಗೆ ಮಾತ್ರ ಯಂತ್ರದೆಣ್ಣೆ ಬಿಡಬಾರದು. ಅದು ಚಟ್ನಿಗೆ ಸೇರುತ್ತದೆ. ಅಲ್ಲಿಂದ ಕಪ್ಪು ನೀರು ಸೋರತೊಡಗಿದರೆ ಬುಷ್ಷನ್ನೇ ಬದಲಾಯಿಸಬೇಕು.

ಅಂಗಡಿಯಲ್ಲಿ ಕೊಡುವ ಬುಷ್ ಪುಡಿಯದೋ ಗಟ್ಟಿಯದೋ ಎಂಬ ಅನುಮಾನ ಬಂದರೆ ಪರೀಕ್ಷೆ ಅಲ್ಲೇ ಮಾಡಬಹುದು. ಬುಷ್ಷನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಬೆಂಕಿಕಡ್ಡಿಯ ಉರಿಯನ್ನು ಎರಡು ಮೂರು ಸಲ ಅದರ ಮೈಗೆ ತೋರಿಸಬೇಕು. ಪುಡಿಯ ಬುಷ್ಷಾದರೆ ಮೈಮೇಲೆ ಸಣ್ಣ ಸಣ್ಣ ಎಣ್ಣೆಯ ಹನಿಗಳು ಬೆವರಿನಂತೆ ಏಳುತ್ತವೆ, ತಣ್ಣಗಾದಾಗ ಇಂಗಿಹೋಗುತ್ತವೆ. ಗಟ್ಟಿಯದು ಬಿಸಿಯಾಗುತ್ತದೆ, ಅಷ್ಟೆ.